ಫ್ರಾಂಕ್‌ಫರ್ಟ್–ಲಿಸ್ಬನ್: ಹೋಗಲು 2 ಗಂಟೆ, ಬರಲು 4 ಗಂಟೆ?

ಪ್ರಶ್ನೆ
ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಲಿಸ್ಬನ್‌ಗೆ ಟಿಕೆಟ್ ನೋಡುತ್ತಿದ್ದೇನೆ. ಫ್ರಾಂಕ್‌ಫರ್ಟ್ ಬಿಡುವುದು 9:00, ಲಿಸ್ಬನ್ ತಲುಪುವುದು 11:10. ವಾಪಸ್ 12:00ಕ್ಕೆ ಹೊರಟರೆ ಸೇರುವುದು 16:00ಕ್ಕೆ. ಒಂದೇ ದಾರಿಗೆ ಇಷ್ಟು ವ್ಯತ್ಯಾಸ ಯಾಕೆ? ಮ್ಯಾಪಿನಲ್ಲಿ ರಸ್ತೆ ದೂರ ಸುಮಾರು 2,300 ಕಿ.ಮೀ. ಇದೆ, ವಿಮಾನಕ್ಕೂ ಅಷ್ಟೇನಾ? ಫ್ರಾಂಕ್‌ಫರ್ಟ್‌ನಲ್ಲಿ ಒಂದೂವರೆ ಗಂಟೆ ಸಾಕಾ?

ಉತ್ತರ 1
ಟಿಕೆಟ್‌ನಲ್ಲಿರುವುದು ಆಯಾ ಊರಿನ ಗಡಿಯಾರದ ಸಮಯ. ಪೋರ್ಚುಗಲ್ ಜರ್ಮನಿಗಿಂತ 1 ಗಂಟೆ ಹಿಂದೆ. ಬೇಸಿಗೆ ಸಮಯಕ್ಕೆ (ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಎರಡೂ ದೇಶ ಒಟ್ಟಿಗೇ ಬದಲಾಗುವುದರಿಂದ ಈ ಅಂತರ ವರ್ಷವಿಡೀ ಹಾಗೇ ಇರುತ್ತದೆ. ಅಂದರೆ ಹೋಗಲು 3 ಗಂಟೆ 10 ನಿಮಿಷ, ಬರಲು 3 ಗಂಟೆ.

ಭೂಮಿಯ ಮೇಲ್ಮೈ ಹಿಡಿದು ನೇರ ಅಳೆದರೆ ದೂರ ಸುಮಾರು 1,877 ಕಿ.ಮೀ. ಹಾರುವುದು ಇದಕ್ಕಿಂತ ಸ್ವಲ್ಪ ಹೆಚ್ಚು, ಏಕೆಂದರೆ ರನ್‌ವೇ ದಿಕ್ಕಿಗೆ ಏರಿ, ನಿಗದಿತ ಮಾರ್ಗ ಹಿಡಿದು, ಇಳಿಯುವ ಸಾಲಿಗೆ ಸೇರಬೇಕು. 1,950 ಕಿ.ಮೀ. ಎಂದಿಟ್ಟುಕೊಳ್ಳಿ.

ಉತ್ತರ 2
ಮಿಕ್ಕ 10 ನಿಮಿಷ ಗಾಳಿಯದ್ದು. ಯುರೋಪಿನ ಮೇಲೆ, ಆ ಎತ್ತರದಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಇನ್ನೂ ಜೋರು. ಎ320 ವಿಮಾನದ ವೇಗ ಗಂಟೆಗೆ ಸುಮಾರು 835 ಕಿ.ಮೀ. ಎದುರಿನಿಂದ 90 ಕಿ.ಮೀ. ಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ಉಳಿಯುವುದು 745: 1,950 ಕಿ.ಮೀ.ಗೆ 2 ಗಂಟೆ 37 ನಿಮಿಷ. ಅದೇ ಗಾಳಿ ಬೆನ್ನಿಗಿದ್ದರೆ 925, ಆಗ 2 ಗಂಟೆ 6 ನಿಮಿಷ. ಏರುವಾಗ, ಇಳಿಯುವಾಗ ವೇಗ ಕಡಿಮೆಯಾದ್ದರಿಂದ ಇನ್ನೊಂದು 10 ನಿಮಿಷ ಸೇರಿಸಿ.

ಟಿಕೆಟ್‌ನ ಅವಧಿ ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗೆ. ಫ್ರಾಂಕ್‌ಫರ್ಟ್ ದೊಡ್ಡ ನಿಲ್ದಾಣ, ರನ್‌ವೇ ತಲುಪಲೇ 10–20 ನಿಮಿಷ ಬೇಕಾಗಬಹುದು. ವೇಳಾಪಟ್ಟಿ ಹಾಕುವಾಗ ಇದೆಲ್ಲ ಸೇರಿಸಿರುತ್ತಾರೆ. ಹಾಗಾಗಿ 15 ನಿಮಿಷ ತಡವಾಗಿ ಹೊರಟ ವಿಮಾನ ಸರಿಯಾದ ಸಮಯಕ್ಕೆ ಇಳಿಯುವುದು ಅಪರೂಪವೇನಲ್ಲ.

ಉತ್ತರ 3
ಒಂದೂವರೆ ಗಂಟೆ ಕಷ್ಟ. ಷೆಂಗೆನ್ ವಲಯಕ್ಕೆ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪು) ನೀವು ಕಾಲಿಡುವುದು ಫ್ರಾಂಕ್‌ಫರ್ಟ್‌ನಲ್ಲಿ, ಆದ್ದರಿಂದ ಇಮಿಗ್ರೇಷನ್ ಅಲ್ಲೇ, ಲಿಸ್ಬನ್‌ನಲ್ಲಿ ಅಲ್ಲ. ಭಾರತದಿಂದ ಬಂದವರಿಗೆ ಸೆಕ್ಯುರಿಟಿ ತಪಾಸಣೆಯೂ ಮತ್ತೊಮ್ಮೆ. ಬೆಳಗ್ಗೆ ಏಷ್ಯಾ, ಅಮೆರಿಕದ ವಿಮಾನಗಳು ಒಟ್ಟೊಟ್ಟಿಗೆ ಇಳಿಯುವುದರಿಂದ ಎರಡೂ ಕಡೆ ಸಾಲು ಉದ್ದ. ಗೇಟ್ 9:00ಕ್ಕೆ ಅಲ್ಲ, ಅದಕ್ಕೂ 15–20 ನಿಮಿಷ ಮೊದಲೇ ಮುಚ್ಚುತ್ತದೆ. ಎರಡೂವರೆ ಗಂಟೆ ಇಟ್ಟುಕೊಳ್ಳಿ. ಮುಖ್ಯವಾಗಿ, ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಮಾಡಿಸಿ. ಬೇರೆ ಬೇರೆ ಟಿಕೆಟ್ ಆದರೆ ಬ್ಯಾಗ್ ಬಿಡಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕಾಗಬಹುದು, ಮುಂದಿನ ವಿಮಾನ ತಪ್ಪಿದರೆ ಯಾರೂ ಹೊಣೆಯಲ್ಲ.

ಪ್ರಶ್ನೆ ಕೇಳಿದವರು
ಧನ್ಯವಾದ. ವಿಮಾನವೇ ತಡವಾಗಿ ಲಿಸ್ಬನ್ ತಲುಪಿದರೆ ಪರಿಹಾರ ಸಿಗುತ್ತದಾ?

ಉತ್ತರ 2
ಅಲ್ಲಿ ದೂರಕ್ಕೆ ನಿಜವಾದ ಬೆಲೆ ಇದೆ. ಯುರೋಪಿಯನ್ ಒಕ್ಕೂಟದ 261/2004 ನಿಯಮ ನೇರ ದೂರವನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಫ್ರಾಂಕ್‌ಫರ್ಟ್–ಲಿಸ್ಬನ್ ಮಾತ್ರದ ಟಿಕೆಟ್ ಆದರೆ 1,500 ಕಿ.ಮೀ. ದಾಟಿದ್ದರಿಂದ 400 ಯೂರೋ. ಒಂದೇ ಟಿಕೆಟ್ ಆದರೆ ಅಳೆಯುವುದು ಬೆಂಗಳೂರು–ಲಿಸ್ಬನ್; 3,500 ಕಿ.ಮೀ. ಮೀರುವುದರಿಂದ 600. ಆದರೆ ತಡ 3ರಿಂದ 4 ಗಂಟೆಯೊಳಗಿದ್ದರೆ 300ಕ್ಕೆ ಇಳಿಸಬಹುದು. ಭಾರತದಿಂದ ಹೊರಡುವಾಗ ಇದು ಅನ್ವಯಿಸುವುದು ವಿಮಾನ ನಡೆಸುವ ಸಂಸ್ಥೆ ಯುರೋಪಿನದ್ದಾಗಿದ್ದರೆ ಮಾತ್ರ. ಕೆಟ್ಟ ಹವಾಮಾನದಂಥ ಕಾರಣಕ್ಕೆ ಹಣ ಇಲ್ಲ, ಊಟ, ವಸತಿ ಕೊಡಲೇಬೇಕು. ತಡದ ಲೆಕ್ಕ ಚಕ್ರ ನೆಲ ಮುಟ್ಟಿದಾಗಿನದಲ್ಲ, ಬಾಗಿಲು ತೆರೆದಾಗಿನದು. ಆ ಸಮಯದ ಫೋಟೊ ತೆಗೆದು, ಬೋರ್ಡಿಂಗ್ ಪಾಸ್ ಜೊತೆ ಇಟ್ಟುಕೊಳ್ಳಿ.