ಎಚ್‌ಐವಿ ಮತ್ತು ನಮ್ಮ ಊರು: ಆಪ್ತ ಸಮಾಲೋಚಕಿಯನ್ನು ಕೇಳಿ

ನಿರ್ವಾಹಕರು: ಎಚ್‌ಐವಿ ಇರುವವರನ್ನು ಊರು ದೂರ ಇಡದಂತೆ ಏನು ಮಾಡಬಹುದು? ಎಚ್‌ಐವಿ ಹತೋಟಿಯಲ್ಲಿಡುವ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರವೊಂದರ ಆಪ್ತ ಸಮಾಲೋಚಕಿ ಇಂದು ಉತ್ತರಿಸುತ್ತಾರೆ. ಯಾರ ಹೆಸರನ್ನೂ ಬರೆಯಬೇಡಿ.

ಮುಖ್ಯ ಶಿಕ್ಷಕ, ಬಾಗಲಕೋಟೆ ಜಿಲ್ಲೆ: ಮೇಡಂ, ನಮಸ್ಕಾರ. ನಮ್ಮ ಶಾಲೆಯ ಒಬ್ಬ ಹುಡುಗಿಗೆ ಎಚ್‌ಐವಿ ಇದೆ ಎಂಬ ಸುದ್ದಿ ಊರಲ್ಲಿ ಹಬ್ಬಿದೆ. ಬಿಸಿಯೂಟದ ಅಡುಗೆಯವರು ಅವಳ ತಟ್ಟೆಯ ಅಂಚಿಗೆ ಕೆಂಪು ಉಗುರುಬಣ್ಣ ಹಚ್ಚಿ ಬೇರೆ ಇಟ್ಟಿದ್ದಾರೆ. ಆರೇಳು ಪಾಲಕರು ‘ಅವಳನ್ನು ಬಿಡಿಸಿ, ಇಲ್ಲವೇ ನಮ್ಮ ಮಕ್ಕಳ ಟಿ.ಸಿ. ಕೊಡಿ’ ಎಂದು ಪಟ್ಟು ಹಿಡಿದಿದ್ದಾರೆ. ಸಭೆ ಕರೆದು ಎಲ್ಲವನ್ನೂ ಬಿಚ್ಚಿ ಹೇಳಲೇ?

ಸಮಾಲೋಚಕಿ: ಸಭೆ ಕರೆಯಿರಿ ಸರ್, ಆದರೆ ಆ ಮಗುವಿನ ಮಾತು ಎತ್ತಬೇಡಿ. ಇದೆ ಎನ್ನುವ ಹಾಗಿಲ್ಲ, ಇಲ್ಲ ಎನ್ನಲೂ ಹೋಗಬೇಡಿ. ಇವತ್ತು ಇಲ್ಲ ಎಂದರೆ, ನಾಳೆ ಇನ್ನೊಂದು ಮಗುವಿನ ವಿಷಯದಲ್ಲಿ ನೀವು ಸುಮ್ಮನಿದ್ದದ್ದೇ ಹೌದಾಗಿಬಿಡುತ್ತದೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ವಿಷಯ ಹೊರಹಾಕುವಂತಿಲ್ಲ, ಸೋಂಕಿದೆ ಎಂದು ಶಾಲೆಯಿಂದ ಹೊರಗಿಡುವಂತೆಯೂ ಇಲ್ಲ.

ಮೊದಲು ಅಡುಗೆಯವರ ಜೊತೆ ಕುಳಿತು ಮಾತನಾಡಿ. ಊರಿಗೆ ಭಯ ಹೋದದ್ದು ಆ ಅಡುಗೆಮನೆಯಿಂದ, ಧೈರ್ಯ ಹೋಗಬೇಕಾದದ್ದೂ ಅಲ್ಲಿಂದಲೇ. ಬೈಯಬೇಡಿ. ಎಂಜಲಿನಿಂದ, ತಟ್ಟೆಯಿಂದ, ಬೆವರಿನಿಂದ ಇದು ಹರಡುವುದಿಲ್ಲ ಎಂದು ಬಿಡಿಸಿ ಹೇಳಿ, ಬಣ್ಣವನ್ನು ಕೆರೆದು ತೆಗೆದು ತಟ್ಟೆಯನ್ನು ಉಳಿದವುಗಳ ಜೊತೆ ಸೇರಿಸಿ. ಶಿಕ್ಷಕರು ಮಕ್ಕಳ ಪಂಕ್ತಿಯಲ್ಲಿ ದಿನಕ್ಕೊಂದು ಕಡೆ ಕುಳಿತು ಉಣ್ಣಲಿ. ಅವಳ ಪಕ್ಕದಲ್ಲೇ ಕುಳಿತು ಫೋಟೊ ತೆಗೆಸಿಕೊಂಡರೆ ಅದೂ ಆ ಕೆಂಪು ಬಣ್ಣದಷ್ಟೇ ಕೆಟ್ಟದ್ದು.

ಆಟದಲ್ಲಿ ಬಿದ್ದು ರಕ್ತ ಬಂದರೆ ಏನು ಗತಿ ಎಂದು ಪಾಲಕರು ಕೇಳಿಯೇ ಕೇಳುತ್ತಾರೆ. ಯಾವ ಮಗುವಿಗೆ ಗಾಯವಾದರೂ ಕೈಗವಸು ಹಾಕಿಕೊಂಡು ತೊಳೆದು ಪಟ್ಟಿ ಕಟ್ಟುತ್ತೇವೆ ಎಂದು ಹೇಳಿ, ಕೈಗವಸಿನ ಪೊಟ್ಟಣವನ್ನು ಅಲ್ಲಿಯೇ ತೋರಿಸಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನು ಮುಂಚೆಯೇ ಒಪ್ಪಿಸಿಕೊಳ್ಳಿ. ಟಿ.ಸಿ. ಕೇಳುವವರಲ್ಲಿ ಮುಂದಾಳು ಒಬ್ಬರೋ ಇಬ್ಬರೋ ಇರುತ್ತಾರೆ, ಅವರ ಮನೆಗೆ ನೀವೇ ಹೋಗಿ.

ನನಗೆ ನಿದ್ದೆ ಕೆಡಿಸುವ ವಿಷಯ ಬೇರೆ ಇದೆ. ಇಂಥ ಗದ್ದಲದಲ್ಲಿ ಎಷ್ಟೋ ತಾಯಂದಿರು ಮಕ್ಕಳನ್ನು ಕರೆದುಕೊಂಡು ಊರು ಬಿಡುತ್ತಾರೆ. ಮಗುವಿಗೆ ಸೋಂಕು ಇದ್ದದ್ದೇ ಆದರೆ ಮಾತ್ರೆ ತಪ್ಪುತ್ತದೆ, ವೈರಾಣು ಮತ್ತೆ ಏರುತ್ತದೆ. ತಾಯಿಯನ್ನು ವಿಚಾರಿಸಲು ಯಾರನ್ನೂ ಕಳಿಸಬೇಡಿ. ಎಚ್‌ಐವಿ ಸಹಾಯವಾಣಿ 1097ರ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿ.

ಸದಸ್ಯೆ, ಗದಗ: ಜೊತೆಯಲ್ಲಿ ಉಂಡರೆ ಬರುತ್ತದೆಯೇ?

ಸಮಾಲೋಚಕಿ: ಇಲ್ಲ.

ಸದಸ್ಯ, ಹಾಸನ: ಸೊಳ್ಳೆಯಿಂದ?

ಸಮಾಲೋಚಕಿ: ಇಲ್ಲ.

ಸದಸ್ಯ, ತುಮಕೂರು: ಬಂದ ಸಂದೇಶವನ್ನು ಹಾಗೆಯೇ ಹಾಕುತ್ತಿದ್ದೇನೆ. ‘ಅಮೃತಬಳ್ಳಿ ಕಷಾಯ, 48 ದಿನ, ಎಚ್‌ಐವಿ ನೆಗೆಟಿವ್. ಹತ್ತು ಜನರಿಗೆ ಕಳಿಸಿ.’

ಸಮಾಲೋಚಕಿ: ಒಬ್ಬರಿಗೂ ಕಳಿಸಬೇಡಿ. ಎಚ್‌ಐವಿಯನ್ನು ದೇಹದಿಂದ ತೆಗೆದುಹಾಕುವ ಕಷಾಯ ಯಾವುದೂ ಇಲ್ಲ. ಇದನ್ನು ನಂಬಿ ಮಾತ್ರೆ ಬಿಟ್ಟವರು ಕ್ಷಯ ಹಿಡಿಸಿಕೊಂಡು, ಎದ್ದು ಕೂರಲಾರದ ಸ್ಥಿತಿಯಲ್ಲಿ ನಮ್ಮಲ್ಲಿಗೆ ಬರುತ್ತಾರೆ. ಸರ್ಕಾರಿ ಕೇಂದ್ರದ ಸಾಲಿನಲ್ಲಿ ಪರಿಚಯದವರು ನೋಡಿಬಿಟ್ಟಾರು ಎಂಬ ಅಂಜಿಕೆ ಇರುವಷ್ಟು ಕಾಲ ಇಂಥವರ ವ್ಯಾಪಾರ ನಡೆಯುತ್ತದೆ.

ಹೋಟೆಲ್ ಕೆಲಸಗಾರ, ಬೆಂಗಳೂರು: ಅಕ್ಕ, ಒಂದೇ ಕೋಣೆಯಲ್ಲಿ ಐದು ಜನ ಇದ್ದೇವೆ. ಡಬ್ಬಿ ಅಲ್ಲಾಡಿದರೆ ಸದ್ದಾಗುತ್ತದೆ ಎಂದು ಒಳಗೆ ಹತ್ತಿ ತುಂಬಿದ್ದೇನೆ. ಹೋದ ವಾರದಿಂದ ಮಾತ್ರೆ ತೆಗೆದುಕೊಂಡಿಲ್ಲ.

ಸಮಾಲೋಚಕಿ: ತಮ್ಮ, ಇಂದು ರಾತ್ರಿಯಿಂದಲೇ ಮತ್ತೆ ಶುರು ಮಾಡು. ಬಿಟ್ಟದ್ದನ್ನು ಸೇರಿಸಿ ಎರಡೆರಡು ನುಂಗಬೇಡ. ನಾಳೆ ನಿನ್ನ ಎಆರ್‌ಟಿ ಕೇಂದ್ರಕ್ಕೆ ಹೋಗಿ ನಡೆದದ್ದನ್ನು ಹೇಳು, ಬೈದರೂ ಹೇಳು. ದಾಖಲೆಯನ್ನು ಕೆಲಸದ ಜಾಗಕ್ಕೆ ಹತ್ತಿರದ ಕೇಂದ್ರಕ್ಕೆ ವರ್ಗಾಯಿಸಿಕೊಳ್ಳಬಹುದು. ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಾಣು ಎಷ್ಟಿದೆ ಎಂದು ಅಳೆಯುವ ವೈರಲ್ ಲೋಡ್ ಪರೀಕ್ಷೆಯಲ್ಲಿ ಅದು ಕಾಣದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಇನ್ನೊಬ್ಬರಿಗೆ ಹರಡುವುದಿಲ್ಲ. ಈ ಒಂದು ಮಾತು ಊರೂರಿಗೆ ತಲುಪಿದರೆ ಅರ್ಧ ಭಯ ಹೋಗುತ್ತದೆ.

ಸದಸ್ಯ, ದಾವಣಗೆರೆ: ಮಗುವಿನ ಮಾತು ಸರಿ. ಆದರೆ ತಪ್ಪು ಮಾಡಿ ತಂದುಕೊಂಡವರಿಗೂ ಅದೇ ಮರ್ಯಾದೆಯೇ?

ಸದಸ್ಯೆ, ವಿಜಯಪುರ: ನನ್ನ ಅಕ್ಕನಿಗೆ ಗಂಡನಿಂದ ಬಂತು. ಅವಳು ಮಾಡಿದ ತಪ್ಪು ಯಾವುದು?

ಸದಸ್ಯ, ದಾವಣಗೆರೆ: ನಿಮ್ಮ ಅಕ್ಕನಿಗೆ ಹೇಳಿದ್ದಲ್ಲ, ಭಾವನಿಗೆ.

ಸದಸ್ಯೆ, ವಿಜಯಪುರ: ಭಾವ ತೀರಿಕೊಂಡು ವರ್ಷಗಳಾದವು. ಅವರ ಹೆಣ ಹೊರಲು ನಾಲ್ಕು ಜನ ಸಿಗಲಿಲ್ಲ. ಶಿಕ್ಷೆ ಸಾಕಾಯಿತೇ ನಿಮಗೆ?

ಸದಸ್ಯ, ಹಾಸನ: ಅಣ್ಣ, ಕ್ಷಮೆ ಕೇಳಿ.

ಸದಸ್ಯ, ದಾವಣಗೆರೆ: ಅಭಿಪ್ರಾಯ ಹೇಳಲೂ ನಿಮ್ಮ ಅಪ್ಪಣೆ ಬೇಕೇ?

ಸಮಾಲೋಚಕಿ: ಬೇಕಿಲ್ಲ. ಆದರೆ ಕೇಳಿಸಿಕೊಳ್ಳಿ. ತಪ್ಪಿತಸ್ಥರು, ಅಮಾಯಕರು ಎಂದು ನೀವು ಎರಡು ಸಾಲು ಮಾಡಿದ ಕೂಡಲೇ ಪರೀಕ್ಷೆಗೆ ಬರುವ ಪ್ರತಿಯೊಬ್ಬರೂ ‘ನಾನು ಯಾವ ಸಾಲಿಗೆ’ ಎಂದು ಹೆದರಿ ಹಿಂದಕ್ಕೆ ಹೋಗುತ್ತಾರೆ. ಪರೀಕ್ಷೆ ಮಾಡಿಸದ ಗಂಡನಿಂದಲೇ ಹೆಂಡತಿಗೆ ಬರುವುದು. ಅಕ್ಕನನ್ನು ಉಳಿಸಬೇಕಿದ್ದರೆ ಭಾವನಿಗೂ ಮರ್ಯಾದೆ ಬೇಕಿತ್ತು.

ಸದಸ್ಯ, ಮಂಡ್ಯ: ಮದುವೆಗೆ ಮೊದಲು ಪರೀಕ್ಷೆ ಮಾಡಿಸಲು ಗಂಡಿನ ಮನೆಯವರನ್ನು ಹೇಗೆ ಕೇಳುವುದು?

ಸದಸ್ಯ, ತುಮಕೂರು: ಕಷಾಯದಿಂದ ಹಾನಿಯಂತೂ ಇಲ್ಲವಲ್ಲ ಮೇಡಂ, ಮಾತ್ರೆಯ ಜೊತೆಗೆ ಕುಡಿದರೆ?

ಸಮಾಲೋಚಕಿ: ಇದೆ. ಕೆಲವು ಔಷಧಿಗಳು ಎಆರ್‌ಟಿ ಮಾತ್ರೆಯ ಕೆಲಸವನ್ನೇ ಕೆಡಿಸುತ್ತವೆ. ಕೇಂದ್ರದ ವೈದ್ಯರನ್ನು ಕೇಳದೆ ಏನನ್ನೂ ಕುಡಿಯಬಾರದು. ಇನ್ನು ಈ ಸಂದೇಶದ ಬಗ್ಗೆ ಉತ್ತರಿಸುವುದಿಲ್ಲ.

ಸದಸ್ಯ, ಮಂಡ್ಯ: ನನ್ನ ಪ್ರಶ್ನೆ ಮೇಲೆ ಇದೆ.

ಸದಸ್ಯೆ, ಕೋಲಾರ: ಒಂದೇ ಲೋಟದಲ್ಲಿ ನೀರು ಕುಡಿದರೆ?

ಸಮಾಲೋಚಕಿ: ಇಲ್ಲ. ದಯವಿಟ್ಟು ಮೇಲಿನದನ್ನು ಓದಿ.

ಸದಸ್ಯ, ಶಿವಮೊಗ್ಗ: ಖಾಸಗಿ ನರ್ಸಿಂಗ್ ಹೋಮ್ ಒಂದರಲ್ಲಿ ರಕ್ತದ ವರದಿ ನೋಡಿ ಅಮ್ಮನ ಶಸ್ತ್ರಚಿಕಿತ್ಸೆ ನಿಲ್ಲಿಸಿದರು. ಹಾಸಿಗೆಯ ಮೇಲಿನ ಫಲಕದಲ್ಲಿ ‘ಎಚ್‌ಐವಿ’ ಎಂದು ಬರೆದರು. ಊರವರು ಓದಿಕೊಂಡು ಹೋದರು.

ಸಮಾಲೋಚಕಿ: ಅವರು ಮಾಡಿದ ಎರಡೂ ಕೆಲಸ ಎಚ್‌ಐವಿ ಕಾಯ್ದೆಗೆ ವಿರುದ್ಧ. ಫಲಕದ ಫೋಟೊ ಇದ್ದರೆ ಇಟ್ಟುಕೊಳ್ಳಿ, ಈ ಗುಂಪಿಗೆ ಹಾಕಬೇಡಿ. ಶಸ್ತ್ರಚಿಕಿತ್ಸೆ ಏಕೆ ಮಾಡುವುದಿಲ್ಲ ಎಂಬುದನ್ನು ಬರವಣಿಗೆಯಲ್ಲಿ ಕೇಳಿ. 20 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿ ಇರುವ ಆಸ್ಪತ್ರೆಯಲ್ಲಿ ದೂರು ಅಧಿಕಾರಿ ಇರಲೇಬೇಕು. ಅಲ್ಲಿ ಆಗದಿದ್ದರೆ ಇಂಥ ದೂರುಗಳನ್ನು ವಿಚಾರಿಸುವ ರಾಜ್ಯದ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೂ ಮೊದಲು ಅಮ್ಮನನ್ನು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ. ದೂರು ಆಮೇಲೆ ಬರೆಯಬಹುದು, ಶಸ್ತ್ರಚಿಕಿತ್ಸೆ ಕಾಯುವುದಿಲ್ಲ.