ಸೀಲಿಂಗ್ ಮೇಲಿನ ನೀರಿನ ಕಲೆ, ಪೇಂಟ್ ಹೊಡೆದರೂ ಮತ್ತೆ ಏಳುತ್ತಿದೆ. ನೀವೇನು ಹಚ್ಚಿದಿರಿ?

ಬಟವಾಡಿ ಅಕ್ಕ:
ತುಮಕೂರಲ್ಲಿ ನಮ್ಮದು ಹಳೇ ಆರ್‌ಸಿಸಿ ಮನೆ. ಹಾಲ್ ಸೀಲಿಂಗ್‌ನಲ್ಲಿ ಫ್ಯಾನ್ ಹುಕ್ ಪಕ್ಕ ನೀರಿನ ಕಲೆ ಇದೆ. ನಡುವೆ ತೆಳು ಹಳದಿ, ಅಂಚು ಕಡು ಕಂದು. ಮೇಲೆ ಸೋರುತ್ತಿದ್ದ ಪೈಪ್ ಬದಲಾಯಿಸಿದ್ದೇವೆ, ಈ ಮಳೆಗಾಲ ಪೂರ್ತಿ ಒಂದು ಹನಿ ಇಳಿದಿಲ್ಲ. ಆದರೂ ಬಿಳಿ ಎಮಲ್ಷನ್ ಹೊಡೆದರೆ ಒಣಗುವಷ್ಟರಲ್ಲಿ ಅಂಚು ಮತ್ತೆ ಎದ್ದು ಕಾಣುತ್ತೆ. ಪುಟ್ಟಿ ಎಳೆಸಿ ಹೊಡೆದರೂ ಅದೇ ಹಾಡು. ಕಾರ್ತಿಕದಲ್ಲಿ ಮಗಳ ನಿಶ್ಚಿತಾರ್ಥ, ಮನೆಯಲ್ಲೇ ಇಟ್ಟುಕೊಂಡಿದ್ದೇವೆ. ನೀವೆಲ್ಲ ಏನು ಹಚ್ಚಿದಿರಿ, ಎಷ್ಟು ಖರ್ಚಾಯ್ತು, ದಯವಿಟ್ಟು ಹೇಳಿ.

ಶಿಡ್ಲಘಟ್ಟದ ಬಡಗಿ:
ಅಕ್ಕಾ, ಇದಕ್ಕೆ ಅರಗು ಬಿಟ್ಟು ಬೇರೆ ಮದ್ದಿಲ್ಲ. ಬಾಗಿಲಿಗೆ ಪಾಲಿಶ್ ಮಾಡ್ತೀವಲ್ಲ, ಅದೇ ಅರಗಿನ ಚಕ್ಕೆ, ಸ್ಪಿರಿಟ್‌ನಲ್ಲಿ ಕರಗಿಸಿದ್ದು. ಎಮಲ್ಷನ್, ಪುಟ್ಟಿ ಎರಡರಲ್ಲೂ ಇರೋದು ನೀರು. ಆ ನೀರೇ ಕಲೆಯನ್ನು ಕರಗಿಸಿ ಮೇಲಕ್ಕೆ ಎಳೆದುಕೊಂಡು ಬರುತ್ತೆ. ಎಷ್ಟು ಕೋಟ್ ಹೊಡೆದರೂ ಅಷ್ಟೇ.

ನಮ್ಮಣ್ಣನ ಮನೆಯಲ್ಲಿ ರೇಷ್ಮೆ ಹುಳು ಸಾಕುವ ಕೋಣೆಗೆ ಹೀಗೇ ಆಗಿತ್ತು. ಪೇಂಟರ್ ಒಬ್ಬ ಕೂಲಿ 1,000, ಡಬ್ಬ 1,850 ಅಂತ ಇಸ್ಕೊಂಡು ಹೊಡೆದು ಹೋದ. ಕಲೆ ವಾಪಸ್. ಕೇಳಿದರೆ ‘ಸೀಲಿಂಗ್ ಹೀಟ್ ಜಾಸ್ತಿ ಇದೆ’ ಅಂತಾನೆ! ಆಮೇಲೆ ನಾನೇ ಏಣಿ ಹತ್ತಿದೆ. ಕಾಲು ಕೆಜಿ ಚಕ್ಕೆ 380, ಒಂದು ಲೀಟರ್ ಸ್ಪಿರಿಟ್ 160. ರಾತ್ರಿ ನೆನೆ ಹಾಕಿ, ಬೆಳಗ್ಗೆ ಹಳೇ ಬನಿಯನ್‌ನಲ್ಲಿ ಸೋಸಿ, ಕಲೆಯ ಅಂಚಿನಿಂದ ಒಂದು ಗೇಣು ಆಚೆವರೆಗೂ ಎರಡು ಕೈ ಹಚ್ಚಿದೆ. ಹಚ್ಚಿದಾಗ ಇನ್ನೂ ಕೆಂಪಗೆ ಕಾಣುತ್ತೆ, ಅದು ಅರಗಿನ ಬಣ್ಣ, ಗಾಬರಿ ಬೇಡ. ಒಣಗಿದ ಮೇಲೆ ಸ್ಯಾಂಡ್ ಪೇಪರ್‌ನಲ್ಲಿ ಮೆಲ್ಲಗೆ ಉಜ್ಜಬೇಕು, ಇಲ್ಲಾಂದ್ರೆ ನುಣುಪಿಗೆ ಪೇಂಟ್ ಹಿಡಿಯಲ್ಲ. ಇವತ್ತಿಗೂ ಬೆಳ್ಳಗಿದೆ.

ಒಂದು ಮಾತು. ಗ್ಯಾಸ್ ಒಲೆ ಆರಿಸಿ, ದೇವರ ದೀಪ ಶಾಂತ ಮಾಡಿ. ಸ್ಪಿರಿಟ್ ಆವಿಗೆ ಕಿಡಿ ತಾಗಿದರೆ ಮುಗೀತು. ನಾವಂತೂ ಗೂಡು ಮಾರಿ, ಮುಂದಿನ ಚಾಕಿ (ಮರಿ ಹುಳು) ತರೋ ಮುಂಚೆ ಮಾಡಿದ್ದು. ಹುಳು ಮನೆಯಲ್ಲಿದ್ದಾಗ ಇಂಥ ವಾಸನೆ ಬಿಟ್ಟರೆ ಬೆಳೆ ಕೈಗೆ ಹತ್ತಲ್ಲ.

ಕೋಲಾರದ ಹಳೇ ಓವರ್ಸಿಯರ್:
ಕಲೆ ಮುಚ್ಚುವ ಮುಂಚೆ ಮೋಲ್ಡ್, ಅಂದರೆ ಕಾಂಕ್ರೀಟ್ ಚಾವಣಿ, ಒಣಗಿದೆಯೋ ಇಲ್ಲವೋ ನೋಡಿ. ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಸೀಲಿಂಗ್‌ಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಿ. ಒಳಗಡೆ ಬೆವರು ಕಟ್ಟಿದರೆ ಯಾವ ಅರಗೂ ನಿಲ್ಲಲ್ಲ, ಗುಳ್ಳೆ ಎದ್ದು ಬರುತ್ತೆ.

ನನ್ನ ಮನೆ ಕತೆ ಕೇಳಿ. 2021ರ ನವೆಂಬರ್ ಮಳೆಗೆ ನಮ್ಮ ಕಡೆ ಕೆರೆಗಳೆಲ್ಲ ಕೋಡಿ ಹೋದವಲ್ಲ, ಆಗ ಬೆಡ್‌ರೂಮ್ ಸೋರಿತು. ಎಲ್ಲರೂ ಮಳೆ ನೀರು ಅಂದರು. ಮಳೆ ನಿಂತು ಸಂಕ್ರಾಂತಿ ಕಳೆದರೂ ತೇವ ಆರಲಿಲ್ಲ. ನೋಡಿದರೆ ಸೋಲಾರ್ ವಾಟರ್ ಹೀಟರ್! ಬೋರ್ ನೀರಿನ ಗಡಸಿಗೆ ಜಾಯಿಂಟಲ್ಲಿ ಬೆಳ್ಳಗೆ ಉಪ್ಪು ಕಟ್ಟಿ, ಸ್ಟ್ಯಾಂಡಿನ ಕಾಲಿನ ಬುಡಕ್ಕೆ ತೊಟ್ಟು ತೊಟ್ಟು ಇಳಿಯುತ್ತಿತ್ತು. ಹಗಲು ಬಿಸಿಲಿಗೆ ಆರಿಹೋಗುತ್ತೆ, ಬೆಳಗಿನ ಜಾವ ಹೋಗಿ ಮುಟ್ಟಿದರೆ ಮಾತ್ರ ಒದ್ದೆ.

ತಾರಸಿಯ ಮೇಲ್ಪದರ ಪೂರ್ತಿ ಕೀಳಿಸಿ ಹೊಸದಾಗಿ ಹಾಕಿಸಿದೆ. ಒಡೆದು ಡೆಬ್ರಿ ಸಾಗಿಸಲು 9,000. ಇಟ್ಟಿಗೆ ಜಲ್ಲಿ, ಸಿಮೆಂಟ್, ಮರಳು 41,500. ಕೂಲಿ 28,000. ಕೆಮಿಕಲ್ 6,800. ಒಟ್ಟು 85,300. ಹತ್ತಡಿಗೆ ಒಂದೂವರೆ ಇಂಚು ಇಳಿಜಾರು ಕೊಡಿ ಅಂದರೆ ಮೇಸ್ತ್ರಿ ‘ನೀರು ತಾನೇ ಹೋಗುತ್ತೆ ಬಿಡಿ ಸಾರ್’ ಅಂದ. ನಾನೇ ಮಟ್ಟದ ಟ್ಯೂಬ್ ಹಿಡಿದು ನಿಂತೆ. ಪ್ಯಾರಾಪೆಟ್ ಮೂಲೆಗೆ ಗೋಲಾ (ಸಿಮೆಂಟಿನ ದುಂಡು ಅಂಚು) ಹಾಕಿಸಿ, ಎರಡು ದಿನ ನೀರು ಕಟ್ಟಿ ನಿಲ್ಲಿಸಿ ನೋಡಿದ ಮೇಲೇ ಕೊನೇ ಬಟವಾಡೆ ಮಾಡಿದ್ದು.

ಶಿಡ್ಲಘಟ್ಟದ ಬಡಗಿ:
ಸಾರ್, ಅವರು ಕೇಳಿದ್ದು ಕಲೆ. ನೀವು ತಾರಸಿ ಕೀಳಿಸ್ತಿದೀರಿ. ಮಳೆಗಾಲ ಪೂರ್ತಿ ಹನಿ ಇಳಿದಿಲ್ಲ ಅಂತ ಬರೆದಿದ್ದಾರೆ, ಓದಿದ್ರಾ?

ಕೋಲಾರದ ಹಳೇ ಓವರ್ಸಿಯರ್:
ಓದಿದೆ. ಮಳೆ ನಿಂತ ಮೇಲೆ ನಮ್ಮನೆಯಲ್ಲೂ ಹನಿ ಇಳಿದಿರಲಿಲ್ಲ, ತೇವ ಮಾತ್ರ ಇತ್ತು. ಅಂಚು ಕೆಂಪಾಗಿ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ಕಂಬಿ ತುಕ್ಕು ಹಿಡಿದಿದೆ ಅಂತ ಅರ್ಥ ಇರಬಹುದು. ತುಕ್ಕು ಹಿಡಿದ ಕಂಬಿ ಊದಿಕೊಂಡು ಕಾಂಕ್ರೀಟ್ ಒಡೆಯುತ್ತೆ. ಅದೂ ಫ್ಯಾನ್ ಹುಕ್ ಪಕ್ಕ! ಕೋಲು ತಗೊಂಡು ತಟ್ಟಿ ನೋಡಲಿ, ಟೊಳ್ಳು ಸದ್ದು ಬಂದರೆ ಮೊದಲು ಎಂಜಿನಿಯರ್‌ನ ಕರೆಸಲಿ. ಮರಕ್ಕೆ ಹಚ್ಚಿದಷ್ಟು ಸುಲಭ ಅಲ್ಲ ಇದು.

ಮುಳಬಾಗಿಲು ಮನೆಯೊಡತಿ:
ನಮ್ಮಲ್ಲಿ ಕಪ್ಪು ಬೂಷ್ಟು ಸೇರಿಕೊಂಡಿತ್ತು. ಅದಕ್ಕೆ ಬ್ಲೀಚಿಂಗ್ ಪೌಡರ್ ನೀರು ಸ್ಪಂಜಿನಲ್ಲಿ ಒರೆಸಿದೆ, ಬೂಷ್ಟು ಹೋಯಿತು. ಕಂದು ಅಂಚು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ನಮ್ಮ ಮೈದುನ ‘ಅತ್ತಿಗೆ, ಬಾತ್‌ರೂಮ್ ಆಸಿಡ್ ಸ್ವಲ್ಪ ಸೇರಿಸಿ’ ಅಂದ. ಯಾರೂ ಆ ಕೆಲಸ ಮಾಡಬೇಡಿ, ಎರಡೂ ಸೇರಿದರೆ ವಿಷದ ಗಾಳಿ ಬರುತ್ತೆ.
ಇನ್ನೊಂದು, ಬಿಳಿ ಪುಡಿ ಉದುರುತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಆ ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತೆ. ಒಣ ಬ್ರಷ್‌ನಲ್ಲಿ ಉಜ್ಜಿ ಉದುರಿಸಿ.

ಚಿಕ್ಕಬಳ್ಳಾಪುರ ಥರ್ಟಿ ಫಾರ್ಟಿ:
ಇಷ್ಟೆಲ್ಲ ತಲೆನೋವು ಯಾಕೆ? ಫಾಲ್ಸ್ ಸೀಲಿಂಗ್ ಹಾಕಿಸಿ. ನಮ್ಮ ಹಾಲ್ 14ಕ್ಕೆ 18. ಚದರಡಿಗೆ 85ರಂತೆ 21,420. ಎಂಟು ಎಲ್‌ಇಡಿ 2,560, ವೈರಿಂಗ್ 3,500. ಒಟ್ಟು 27,480ಕ್ಕೆ ಮನೆ ಲುಕ್ಕೇ ಬದಲಾಯಿತು. ಬಂದವರೆಲ್ಲ ಫೋಟೋ ತೆಗೆದುಕೊಂಡು ಹೋಗ್ತಾರೆ.

ಕೋಲಾರದ ಹಳೇ ಓವರ್ಸಿಯರ್:
ಹುಳುಕು ಹಲ್ಲಿಗೆ ಚಿನ್ನದ ಕ್ಯಾಪ್ ಹಾಕಿದ ಹಾಗಾಯಿತು. ಮೇಲೆ ಸೋರಿದರೆ ನಿಮಗೆ ಗೊತ್ತಾಗುವುದು ಜಿಪ್ಸಂ ಬೋರ್ಡ್ ನೆಂದು ಜೋತುಬಿದ್ದ ಮೇಲೆ.

ಚಿಕ್ಕಬಳ್ಳಾಪುರ ಥರ್ಟಿ ಫಾರ್ಟಿ:
ನಿಮ್ಮ 85 ಸಾವಿರ ತಾರಸಿ ಮೇಲೆ ಯಾರಿಗೂ ಕಾಣಲ್ಲ, ಆ ಹೊಟ್ಟೆಯುರಿ ನನಗೆ ಅರ್ಥ ಆಗುತ್ತೆ ಸಾರ್.

ಗೌರಿಬಿದನೂರು ಬಾಡಿಗೆ ಮನೆ:
ಅರಗೂ ಬೇಡ, ಫಾಲ್ಸ್ ಸೀಲಿಂಗೂ ಬೇಡ. ಎಣ್ಣೆ ಪ್ರೈಮರ್ ಸಾಕು. ನೀರಲ್ಲಿ ಕಲಸೋ ಪ್ರೈಮರ್ ಅಲ್ಲ, ಟರ್ಪೆಂಟೈನ್‌ನಲ್ಲಿ ಕಲಸೋದು. ಅಂಗಡಿಯವನು ವಾಟರ್ ಪ್ರೈಮರನ್ನೇ ದಾಟಿಸೋಕೆ ನೋಡಿದ, ಡಬ್ಬದ ಹಿಂದೆ ಓದಿ ತಗೊಂಡೆ. ಒಂದು ಲೀಟರ್ 270, ಟರ್ಪೆಂಟೈನ್ 90, ಬ್ರಷ್ 60. ಒಂದು ರಾತ್ರಿ ಒಣಗಲು ಬಿಟ್ಟು ಮೇಲೆ ಎಮಲ್ಷನ್ ಹೊಡೆದೆ. ಕಲೆ ಹೋಯ್ತು. ಮನೆ ಖಾಲಿ ಮಾಡುವಾಗ ನಮ್ಮ ಓನರ್ ‘ಪೇಂಟಿಂಗ್ ಚಾರ್ಜ್’ ಅಂತ ಒಂದು ತಿಂಗಳ ಬಾಡಿಗೆ, 9,500, ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡ. ಸೋರಿದ್ದು ಅವನ ಟ್ಯಾಂಕು, ಬಳಿದಿದ್ದು ನಾನು!

ಸಿರಾ ಗೇಟ್ ಓನರ್:
ಅಗ್ರಿಮೆಂಟಲ್ಲಿ ಬರೆದಿರುತ್ತೆ ಸ್ವಾಮಿ, ಓದದೆ ಸೈನ್ ಹಾಕಿದ್ದು ಯಾರು? ಬಾಡಿಗೆಯವರು ಬಿಟ್ಟುಹೋದ ಮನೆ ಬಂದು ನೋಡಿ. ಗೋಡೆ ತುಂಬ ಮೊಳೆ, ಅಡುಗೆಮನೆ ತುಂಬ ಒಗ್ಗರಣೆ ಎಣ್ಣೆ. ಕಳೆದ ಸಲ ಪುಟ್ಟಿಗೇ 4,200 ಆಯ್ತು.

ಗೌರಿಬಿದನೂರು ಬಾಡಿಗೆ ಮನೆ:
ನಾನು ಒಂದು ಮೊಳೆ ಹೊಡೆದಿಲ್ಲ. ಕ್ಯಾಲೆಂಡರ್ ಕೂಡ ಹಿಂದಿನವರ ಮೊಳೆಗೇ ನೇತು ಹಾಕಿದ್ದೆ. ಹಿಡಿದುಕೊಂಡ ದುಡ್ಡಲ್ಲಿ ಪೇಂಟ್ ಮಾಡಿಸಿದರಾ ಅಂತ ಕೇಳಿ. ಹೊಸಬರು ಅದೇ ಗೋಡೆಗೆ ಹಾಲು ಉಕ್ಕಿಸಿದರು. ಬಿಲ್ ತೋರಿಸಿ ಅಂದರೆ ಫೋನ್ ಕಟ್.

ಬಟವಾಡಿ ಅಕ್ಕ:
ಕೋಲಿನಲ್ಲಿ ತಟ್ಟಿ ನೋಡಿದೆ, ಸದ್ದು ಗಟ್ಟಿಯಾಗಿದೆ. ಪ್ಲಾಸ್ಟಿಕ್ ಅಂಟಿಸಿದ್ದೇನೆ. ಈ ಎಣ್ಣೆ ಪ್ರೈಮರ್ ವಾಸನೆ ಎಷ್ಟು ದಿನ ಇರುತ್ತೆ? ಮನೆಯಲ್ಲಿ ಅತ್ತೆಗೆ ಉಬ್ಬಸ.

ಶಿಡ್ಲಘಟ್ಟದ ಬಡಗಿ:
ಉಬ್ಬಸ ಇದ್ದರೆ ಎಣ್ಣೆ ಬೇಡವೇ ಬೇಡ ಅಕ್ಕ, ಟರ್ಪೆಂಟೈನ್ ವಾಸನೆ ಬೇಗ ಬಿಡಲ್ಲ. ಸ್ಪಿರಿಟ್ ಘಾಟೂ ಜೋರೇ, ಆದರೆ ಬೇಗ ಹಾರಿಹೋಗುತ್ತೆ. ಹಚ್ಚುವ ದಿನ ಅಮ್ಮನ್ನ ನೆಂಟರ ಮನೆಗೆ ಕಳಿಸಿ, ಕಿಟಕಿ ಎಲ್ಲ ತೆಗೆದಿಡಿ.

ಗೌರಿಬಿದನೂರು ಬಾಡಿಗೆ ಮನೆ:
ನಮ್ಮ ಮನೆಯಲ್ಲಿ ಒಂದು ವಾರ ಇತ್ತು. ಆ ವಾರದಲ್ಲೂ ಓನರ್ ಮೂಗು ಮುಚ್ಚಿಕೊಂಡೇ ಬಾಡಿಗೆ ವಸೂಲಿಗೆ ಬಂದಿದ್ದ.

ಸಿರಾ ಗೇಟ್ ಓನರ್:
ಐದನೇ ತಾರೀಕಿಗೆ ಕೊಟ್ಟಿದ್ದರೆ ಯಾಕೆ ಬರ್ತಿದ್ದ?