ಆಫ್ ಮಾಡಿದಾಗ ಬಲ್ಬ್ ಸಿಡಿಯುತ್ತಿದೆ! ಒಂದೇ ತಿಂಗಳಲ್ಲಿ ಐದನೆಯದು

ತೆಂಗಿನಗರಿ (ತಿಪಟೂರು), ಬೆಳಿಗ್ಗೆ 7:12
ತಲೆ ಕೆಟ್ಟುಹೋಗಿದೆ. 9 ವ್ಯಾಟ್ ಎಲ್‌ಇಡಿ ಬಲ್ಬ್. ಹಾಕಿದಾಗ ಚೆನ್ನಾಗಿಯೇ ಉರಿಯುತ್ತದೆ. ಆಫ್ ಮಾಡಿದರೆ ಠಪ್ ಅಂತ ಸಿಡಿದು ಸುಟ್ಟ ವಾಸನೆ. ಹಾಕಿದಾಗ ಅಲ್ಲ, ಆಫ್ ಮಾಡಿದಾಗ! ಅದೂ ದಿನಾ ಅಲ್ಲ. ಮೂರು ಕಂಪನಿಯ ಬಲ್ಬ್ ನೋಡಿದ್ದಾಯಿತು, ಹೋಲ್ಡರ್ ಬದಲಿಸಿದ್ದಾಯಿತು. ನಿನ್ನೆ ಹೊಸದನ್ನು ಒತ್ತಿ ತಿರುಗಿಸುವಷ್ಟರಲ್ಲೇ ಹೋಯಿತು. ಬೇರೆ ಯಾವ ಬಲ್ಬಿಗೂ ಏನೂ ಆಗಿಲ್ಲ. ಏನು ಕಾರಣ? ಮನೆಯವರು ಸ್ವಿಚ್ ಮುಟ್ಟಲೂ ಹೆದರುತ್ತಿದ್ದಾರೆ.

ಫ್ಯೂಸ್‌ವೈರ್, 7:40
ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಲೂಸ್. ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ. ಮೀಟರ್ ಹತ್ತಿರ, ಡಿಬಿಯಲ್ಲಿ (ಎಂಸಿಬಿಗಳ ಡಬ್ಬಿ), ಬೋರ್ಡಿನಲ್ಲಿ ಎಲ್ಲ ಕಡೆ ಸ್ಕ್ರೂ ಟೈಟ್ ಮಾಡಿಸಿ.

ಸಂತೆಬಲ್ಬು, 8:05
ಸಂತೆಯಲ್ಲಿ ನೂರಕ್ಕೆ ಮೂರು ಅಂತ ತಂದಿದ್ದೀರಾ? ಬಿಲ್ ಇದ್ದರೆ ಅಂಗಡಿಯಲ್ಲಿ ಬದಲಿಸಿಕೊಡುತ್ತಾರೆ.

ತೆಂಗಿನಗರಿ, 8:20
ಸಂತೆ ಮಾಲಲ್ಲ ಸರ್, ಎಲ್ಲದಕ್ಕೂ ಬಿಲ್ ಇದೆ. ನ್ಯೂಟ್ರಲ್ ಟೈಟ್ ಮಾಡಿಸಿದೆ. ಸಂಜೆ ಆರನೆಯದೂ ಹೋಗಬಹುದು, ಕಾಯುತ್ತಿದ್ದೇನೆ. ಇನ್ನೊಂದು ವಿಷಯ, ಹೋಲ್ಡರ್‌ಗೆ ಬರುವ ಎರಡೂ ವೈರ್ ಕೆಂಪು.

ಫ್ಯೂಸ್‌ವೈರ್, 8:31
ಎರಡೂ ಕೆಂಪಾ? ನೋಡಿ, ಇಂಥ ಕೆಲಸ ಮಾಡಿದವನು ನ್ಯೂಟ್ರಲ್ ಸರಿಯಾಗಿ ಕೊಟ್ಟಿರುತ್ತಾನಾ? ಇನ್ನೊಮ್ಮೆ ನೋಡಿ.

ನೀಲಿವೈರ್, 9:02
ಬಣ್ಣ ನೋಡಿ ಏನೂ ಹೇಳಲಾಗದು. ಈಗ ಬ್ರೌನ್ ಫೇಸ್ (ಕರೆಂಟ್ ಬರುವ ವೈರ್), ನೀಲಿ ನ್ಯೂಟ್ರಲ್.

ಫ್ಯೂಸ್‌ವೈರ್, 9:09
ಅದು ಮಿಕ್ಸಿ, ಐರನ್ ಬಾಕ್ಸ್ ಕಾರ್ಡಿಗೆ. ನಮ್ಮ ಗೋಡೆಯೊಳಗೆ ಕೆಂಪು, ಹಳದಿ, ನೀಲಿ ಮೂರೂ ಫೇಸ್. ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ನೀಲಿ ನ್ಯೂಟ್ರಲ್ ಅಂದುಕೊಂಡು ಮುಟ್ಟಿದರೆ ದೇವರೇ ಗತಿ.

ನೀಲಿವೈರ್, 9:15
ನಮ್ಮ ಮನೆಯಲ್ಲಿ 22 ಸ್ಮಾರ್ಟ್ ಸ್ವಿಚ್ ಇದೆ, ಪ್ರತಿ ಬೋರ್ಡಿಗೂ ನ್ಯೂಟ್ರಲ್ ಎಳೆಸಿದ್ದೇನೆ. ನನಗೆ ಪಾಠ ಬೇಡ.

ಘಟ್ಟದಮಿಂಚು (ಸಾಗರ), 11:48
ಮಾರಾಯ್ರೆ, ಜಗಳ ಆಮೇಲೆ. ತೆಂಗಿನಗರಿಯವರೇ, ಈ ಬಲ್ಬ್ ಎಲ್ಲಿದೆ? ಎಷ್ಟು ಸ್ವಿಚ್? ಒಂದು ತಿಂಗಳ ಹಿಂದೆ ಏನು ಬದಲಾಯಿತು?

ತೆಂಗಿನಗರಿ, ಮಧ್ಯಾಹ್ನ 1:30
ಮೆಟ್ಟಿಲ ಮೇಲಿನ ಬಲ್ಬ್, ಹೇಳಿರಲಿಲ್ವಾ? ಕೆಳಗೊಂದು ಮೇಲೊಂದು ಟೂ-ವೇ ಸ್ವಿಚ್. ಬದಲಾಗಿದ್ದು ಏನೂ ಇಲ್ಲ. ಹೋದ ತಿಂಗಳು ತ್ರೀ ಫೇಸ್ ಮಾಡಿಸಿದೆವು ಅಷ್ಟೆ. ಕೆಳಗಿನ ಮನೆಗೆ ಒಂದು ಫೇಸ್, ಮಹಡಿಗೆ ಒಂದು, ಮೋಟಾರ್ ಮತ್ತು ಗೀಸರ್‌ಗೆ ಒಂದು.

ಫ್ಯೂಸ್‌ವೈರ್, 1:36
ಅಷ್ಟೆ ಅಂತೆ! ತ್ರೀ ಫೇಸ್‌ನಲ್ಲಿ ನ್ಯೂಟ್ರಲ್ ಬಿಟ್ಟರೆ ವೋಲ್ಟೇಜ್ ಎಲ್ಲಿಗೋ ಏರುತ್ತದೆ. ನಾನು ಹೇಳಿದ್ದೇ ಆಯಿತಲ್ಲ.

ಘಟ್ಟದಮಿಂಚು, 2:10
ನ್ಯೂಟ್ರಲ್ ಬಿಟ್ಟಿದ್ದರೆ ಮಹಡಿಯ ಟಿವಿ, ಫ್ಯಾನ್ ರೆಗ್ಯುಲೇಟರ್ ಮೊದಲು ಹೋಗಬೇಕಿತ್ತು. ಹೋಗುತ್ತಿರುವುದು ಇದೊಂದೇ.

ನನ್ನ ಊಹೆ ಹೇಳುತ್ತೇನೆ. ವೈರ್ ಉಳಿಸಲು ಹಳಬರು ಒಂದು ಕಳ್ಳದಾರಿ ಹಿಡಿಯುತ್ತಿದ್ದರು. ಕೆಳಗಿನ ಟೂ-ವೇ ಸ್ವಿಚ್‌ಗೆ ಅದೇ ಬೋರ್ಡಿನ ಫೇಸ್ ಒಂದು ಕಡೆ, ನ್ಯೂಟ್ರಲ್ ಇನ್ನೊಂದು ಕಡೆ. ಮೇಲಿನ ಸ್ವಿಚ್‌ಗೂ ಹಾಗೇ. ಪ್ರತಿ ಸ್ವಿಚ್‌ನ ನಡುವಿನ ಪಿನ್‌ನಿಂದ ಒಂದೊಂದೇ ವೈರ್ ಬಲ್ಬಿಗೆ. ಒಂದು ಕಡೆ ಫೇಸ್, ಇನ್ನೊಂದು ಕಡೆ ನ್ಯೂಟ್ರಲ್ ಬಂದರೆ ಉರಿಯುತ್ತದೆ. ಎರಡೂ ಕಡೆ ನ್ಯೂಟ್ರಲ್ ಆದರೆ ಆಫ್. ಎರಡೂ ಕಡೆ ಫೇಸ್ ಆದರೂ ಆಫ್, ಆದರೆ ಹೋಲ್ಡರ್‌ನ ಎರಡೂ ಪಿನ್‌ನಲ್ಲಿ ಕರೆಂಟ್ ಕೂತಿರುತ್ತದೆ.

ಇಷ್ಟು ವರ್ಷ ಎರಡೂ ಒಂದೇ ಫೇಸ್ ಆಗಿದ್ದರಿಂದ ನಡೆಯಿತು. ಈಗ ಕೆಳಗೊಂದು ಫೇಸ್, ಮೇಲೊಂದು ಫೇಸ್. ನಿಮ್ಮ "ಆಫ್" ಅಂದರೆ ಬಲ್ಬಿಗೆ ಎರಡು ಫೇಸ್‌ಗಳ ನಡುವಿನ 400 ವೋಲ್ಟ್! ಅದರ ಶಿಖರ 565 ವೋಲ್ಟ್ ದಾಟುತ್ತದೆ. ಬಲ್ಬ್ ಒಳಗಿನ ಕೆಪ್ಯಾಸಿಟರ್ ಸಾಮಾನ್ಯವಾಗಿ 400 ವೋಲ್ಟಿನವರೆಗೆ ಮಾತ್ರ ತಡೆಯುವಂಥದು, ಅದೇ ಠಪ್ ಅನ್ನುವುದು.

ಎರಡು ಪ್ರಶ್ನೆ. ಕೆಳಗೆ ಹಾಕಿ ಕೆಳಗೇ ಆಫ್ ಮಾಡಿದ ದಿನ ಏನೂ ಆಗಲ್ಲ, ಕೆಳಗೆ ಹಾಕಿ ಮೇಲೆ ಹೋಗಿ ಆಫ್ ಮಾಡಿದ ದಿನ ಹೋಗುತ್ತದೆ, ಅಲ್ವಾ? ಮತ್ತೆ, ಮೊದಲು ಯಾರಿಗಾದರೂ ಆ ಹೋಲ್ಡರ್‌ನಲ್ಲಿ ಷಾಕ್ ಹೊಡೆದಿತ್ತಾ?

ತೆಂಗಿನಗರಿ, ಸಂಜೆ 6:55
ಮೈ ಜುಂ ಅಂತು. ಮಗ ಓದಿ ಮುಗಿಸಿ ಮಲಗಲು ಮೇಲೆ ಹೋದ ದಿನವೇ ಹೋಗುವುದು. ನಾನು ಕೆಳಗೇ ಇದ್ದು ಕೆಳಗೇ ಆಫ್ ಮಾಡಿದರೆ ಸರಿ ಇರುತ್ತದೆ. ಮೂರ್ನಾಲ್ಕು ವರ್ಷದ ಹಿಂದೆ ಬಲ್ಬ್ ಬದಲಿಸುವಾಗ ಅಪ್ಪನಿಗೆ ಷಾಕ್ ಹೊಡೆದಿತ್ತು. ಸ್ವಿಚ್ ಆಫ್ ಮಾಡಿಯೇ ಏಣಿ ಹತ್ತಿದ್ದೆ ಅಂದರು. ನಾವು ನಂಬಲಿಲ್ಲ.

ಘಟ್ಟದಮಿಂಚು, 7:20
ಅಪ್ಪ ಹೇಳಿದ್ದು ನಿಜ. ಈ ಸರ್ಕೀಟ್‌ನಲ್ಲಿ ಸ್ವಿಚ್ ನಂಬಿ ಹೋಲ್ಡರ್ ಮುಟ್ಟುವಂತಿಲ್ಲ. ಅದಕ್ಕೇ 1956ರ ವಿದ್ಯುತ್ ನಿಯಮಗಳ 32ನೇ ನಿಯಮದಲ್ಲೇ ಇದಕ್ಕೆ ತಡೆ ಇತ್ತು. ನ್ಯೂಟ್ರಲ್‌ನಲ್ಲಿ ಒಂಟಿ ಸ್ವಿಚ್ ಹಾಕುವಂತಿಲ್ಲ, ಫೇಸ್ ಜೊತೆಗೇ ಕಡಿಯುವ ಜೋಡಿ ಸ್ವಿಚ್ ಆದರೆ ಮಾತ್ರ ಸರಿ. ವೈರಿಂಗ್‌ನ ಭಾರತೀಯ ಮಾನದಂಡ ಐಎಸ್ 732 ಕೂಡ ಒಂಟಿ ಸ್ವಿಚ್ ಫೇಸ್‌ನಲ್ಲೇ ಇರಬೇಕು ಅನ್ನುತ್ತದೆ.

ಕೆಳಗಿನದು, ಮಹಡಿಯದು ಎರಡೂ ಎಂಸಿಬಿ ಇಳಿಸಿಯೇ ಮುಟ್ಟಿ, ಒಂದು ಸಾಲದು. ಟೆಸ್ಟರ್‌ನಿಂದ ಇದು ಗೊತ್ತಾಗದು, ಎರಡು ಪಿನ್‌ನಲ್ಲೂ ಉರಿಯುತ್ತದೆ ಅಷ್ಟೆ. ಮಲ್ಟಿಮೀಟರ್ ಇರುವವರಿಂದ ಅಳೆಸಿ.

ಹಿತ್ತಾಳೆಸ್ವಿಚ್ (ಮೈಸೂರು), 8:03
ನಮ್ಮ ತಾತನ ಮನೆಯಲ್ಲಿ ಹಿತ್ತಾಳೆ ಮುಚ್ಚಳದ ಪಿಂಗಾಣಿ ಸ್ವಿಚ್ ಇನ್ನೂ ಇವೆ. ಮರದ ಪಟ್ಟಿಯ ಮೇಲೆ ವೈರಿಂಗ್. ಒಂದೂ ಬಲ್ಬ್ ಸಿಡಿದಿಲ್ಲ. ಫೋಟೊ ಹಾಕಲಾ?

ನೀಲಿವೈರ್, 8:11
ಸುಮ್ನೆ ಎರಡೂ ಸ್ವಿಚ್ ಕಿತ್ತು ಸೆನ್ಸರ್ ಬಲ್ಬ್ ಹಾಕಿ. ನಮ್ಮಲ್ಲಿ ಹಾಗೇ ಇದೆ.

ಫ್ಯೂಸ್‌ವೈರ್, 8:14
ಬೆಕ್ಕು ಓಡಾಡಿದರೂ ಉರಿಯುತ್ತೆ ಅದು.

ತೆಂಗಿನಗರಿ, ಮರುದಿನ ಬೆಳಿಗ್ಗೆ 10:25
ಪಕ್ಕದ ಬೀದಿಯ ಎಲೆಕ್ಟ್ರಿಷಿಯನ್ ಅಳೆದರು. ಮೇಲೆ ಆಫ್ ಮಾಡಿದಾಗ ಹೋಲ್ಡರ್‌ನಲ್ಲಿ 403 ವೋಲ್ಟ್! ಆದರೆ ಪೈಪಿನಲ್ಲಿ ಇನ್ನು ವೈರ್ ಹೋಗಲ್ಲ, ಗೋಡೆ ಒಡೆಯಬೇಕು ಅನ್ನುತ್ತಾರೆ.

ಘಟ್ಟದಮಿಂಚು, 10:50
ಗೋಡೆ ಯಾಕೆ ಒಡೆಯಬೇಕು? ಮುಕ್ಕಾಲು ಇಂಚು ಪೈಪಾದರೆ 1.5 ಚದರ ಮಿ.ಮೀ.ನ ಮೂರು ವೈರ್ ಆರಾಮಾಗಿ ಹೋಗುತ್ತವೆ. ಹಳೇ ಕೆಂಪು ವೈರಿನ ತುದಿಗೇ ಹೊಸದನ್ನು ಕಟ್ಟಿ ಎಳೆಯಲಿ. ಫೇಸ್ ಕೆಳಗಿನ ಸ್ವಿಚ್‌ನ ನಡುವಿನ ಪಿನ್‌ಗೆ. ಎರಡು ಸ್ವಿಚ್‌ಗಳ ನಡುವೆ ಎರಡು ವೈರ್. ಮೇಲಿನ ಸ್ವಿಚ್‌ನ ನಡುವಿನ ಪಿನ್‌ನಿಂದ ಬಲ್ಬಿಗೆ. ನ್ಯೂಟ್ರಲ್ ನೇರ ಬಲ್ಬಿಗೆ, ಅದೂ ಕೆಳಗಿನ ಸರ್ಕೀಟಿನದೇ. ಮಹಡಿಯ ಫೇಸ್, ನ್ಯೂಟ್ರಲ್ ಎರಡೂ ಈ ಸ್ವಿಚ್ ಹತ್ತಿರ ಸುಳಿಯಬಾರದು. ಮಹಡಿಯ ನ್ಯೂಟ್ರಲ್ ಕೊಟ್ಟರೆ ಮುಂದೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ಹಾಕಿಸಿದಾಗ ಲೈಟ್ ಹಾಕಿದ ಕೂಡಲೇ ಟ್ರಿಪ್ ಆಗುತ್ತದೆ. ಈ ಕೆಲಸ ಮುಗಿಯುವವರೆಗೆ ಹೋಲ್ಡರ್ ಖಾಲಿ ಬಿಟ್ಟು ಟಾರ್ಚ್ ಹಿಡಿಯಿರಿ.

ಫ್ಯೂಸ್‌ವೈರ್, 11:02
ಏನೇ ಆಗಲಿ, ನ್ಯೂಟ್ರಲ್ ಒಮ್ಮೆ ಟೈಟ್ ಮಾಡಿಸಿಬಿಡಿ.

ಹಿತ್ತಾಳೆಸ್ವಿಚ್, 11:30
ಫೋಟೊ ಅಪ್‌ಲೋಡ್ ಆಗುತ್ತಿಲ್ಲ. ಯಾರಿಗಾದರೂ ಹೀಗೇ ಆಗುತ್ತಿದೆಯಾ?